ಲಾಕ್ ಕೆಟ್ಟ ಮೇಲೆ ಕಾನೂನು

ಹದಿನೈದು ವರ್ಷಗಳ ಹಿಂದೆ ನಮ್ಮೂರ ಸಂಘದ ಸ್ಮರಣ ಸಂಚಿಕೆಯನ್ನು ನಾನೇ ಕೂತು ಪೇಜ್‌ಮೇಕರ್‌ನಲ್ಲಿ ಕಟ್ಟಿದ್ದೆ. ಫೈಲುಗಳನ್ನು ಎರಡು ಸಿಡಿಗೆ ಬರೆದು ಒಂದನ್ನು ಮನೆಯ ಬೀರುವಿನಲ್ಲಿ, ಇನ್ನೊಂದನ್ನು ಪ್ರೆಸ್ಸಿನಲ್ಲಿ ಇಟ್ಟೆ. ಎರಡೂ ಇವತ್ತಿಗೂ ಚೆನ್ನಾಗಿವೆ. ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡ ಮೂಡಿಸುತ್ತಿದ್ದ ತಂತ್ರಾಂಶ, ಕಂಪ್ಯೂಟರಿನ ಬೆನ್ನಿಗೆ ಚುಚ್ಚುವ ಪುಟ್ಟ ‘ಲಾಕ್’ ಇದ್ದರಷ್ಟೇ ಓಡುತ್ತಿತ್ತು. ಲಾಕ್ ಕೆಟ್ಟಿತು. ಹೊಸ ಲಾಕ್ ಬೇಕೆಂದರೆ ಹೊಸ ಪ್ರತಿಯ ಪೂರ್ತಿ ದುಡ್ಡು ಕೊಡಿ ಎಂದರು ಕಂಪನಿಯವರು.

ಆ ಸಿಟ್ಟಿನಲ್ಲೇ ನಾನು ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮನ್ನು ಹುಡುಕಿ ಓದಿದ್ದು. 1957ರ ಕಾಯ್ದೆಗೆ 1994ರ ತಿದ್ದುಪಡಿ ಸೇರಿಸಿದ ಮಾತು ಅದು. ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು, ಅದು ಹಾಳಾದರೆ ಅಥವಾ ಕಳೆದರೆ ಇರಲಿ ಎಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಆದರೆ ಅದು ‘ತಾತ್ಕಾಲಿಕ’ ರಕ್ಷಣೆಗೆ ಮಾತ್ರವಂತೆ. ಹಾಳಾಗುವುದಕ್ಕೆ ತಾತ್ಕಾಲಿಕ ಎಂಬುದುಂಟೆ? ಹಕ್ಕನ್ನು ಕೊಡುವಾಗಲೂ ಕೈ ನಡುಗಿದಂತಿದೆ. ಕಂಪನಿ ತನ್ನ ಲೈಸೆನ್ಸ್ ಕರಾರಿನಲ್ಲಿ ಇದನ್ನು ನಿಷೇಧಿಸಿದರೆ ಏನು ಗತಿ ಎಂಬುದಕ್ಕೂ ಕಲಮಿನಲ್ಲಿ ಉತ್ತರವಿಲ್ಲ. ತಂತ್ರಾಂಶ ಕುರಿತ ಯುರೋಪಿನ ನಿರ್ದೇಶನ 1991ರಲ್ಲೇ ಅದನ್ನು ಬಿಡಿಸಿ ಹೇಳಿತ್ತು: ಬಳಕೆಗೆ ಅಗತ್ಯವಾದ ಬ್ಯಾಕಪ್ಪನ್ನು ಕರಾರು ತಡೆಯುವಂತಿಲ್ಲ.

ಲಾಕಿನ ವಿಷಯಕ್ಕೆ ಬಂದರೆ ಕಾನೂನು ಇನ್ನೂ ಸೊಗಸು. 2012ರಲ್ಲಿ ಬಂದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಹೇಳುತ್ತದೆ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಮುರಿದರೆ ತಪ್ಪಲ್ಲ ಎಂದೂ ಹೇಳುತ್ತದೆ. ಅಂದರೆ ಬ್ಯಾಕಪ್ಪಿಗಾಗಿ ಮುರಿಯಬಹುದು ಎಂದು ವಾದಿಸಲು ಜಾಗವಿದೆ. ಆದರೆ ಮುರಿದುಕೊಡುವವನು, ಯಾರಿಗೆ, ಯಾಕೆ ಎಂಬ ಪೂರ್ತಿ ದಾಖಲೆ ಇಡಬೇಕು. ಯಾವ ಡಿಟಿಪಿ ಅಂಗಡಿಯವನು ಅಂಥ ಖಾತೆಪುಸ್ತಕ ಇಟ್ಟಾನು? ಅದರ ಬದಲು ಪಕ್ಕದ ಅಂಗಡಿಯಿಂದ ‘ಕ್ರ್ಯಾಕ್’ ಆದ ಪ್ರತಿ ತರುತ್ತಾನೆ. ಆಗ 63ಬಿ ಕಾದಿರುತ್ತದೆ: ಕಳ್ಳಪ್ರತಿ ಎಂದು ಗೊತ್ತಿದ್ದೂ ಬಳಸಿದರೆ ಕನಿಷ್ಠ ಏಳು ದಿನ ಜೈಲು, 50,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ವ್ಯಾಪಾರಕ್ಕಲ್ಲದಿದ್ದರೆ ಕೋರ್ಟು ಜೈಲನ್ನು ಬಿಡಬಹುದು, ಅಂಗಡಿಯವನಿಗೆ ಆ ರಿಯಾಯಿತಿ ಎಲ್ಲಿಂದ ಬರಬೇಕು!

ತಂತ್ರಾಂಶ ಅವರದು, ದತ್ತಾಂಶ ನಿಮ್ಮದು ಎಂದು ಕಾನೂನು ಗೆರೆ ಎಳೆಯುತ್ತದೆ. ಯೂನಿಕೋಡ್ ಬಳಸದ ಹಳೆಯ ಕನ್ನಡ ತಂತ್ರಾಂಶಗಳಿಗೆ ಆ ಗೆರೆ ಹೊಂದುವುದಿಲ್ಲ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ, ಅದಕ್ಕೇ ಹೊಂದುವ ಫಾಂಟು. ನಾನು ಬರೆದ ‘ಕ’ ಅವರ ಫಾಂಟಿನಲ್ಲಿ ಮಾತ್ರ ‘ಕ’. ನನ್ನ ಬರಹದ ಬ್ಯಾಕಪ್ ಇದ್ದೂ ಇಲ್ಲದಂತಾದದ್ದು ಹೀಗೆ.

ಬ್ಯಾಕಪ್ಪಿನ ಖರ್ಚು ಎಂದಾಗ ಎಲ್ಲರೂ ಹಾರ್ಡ್ ಡಿಸ್ಕಿನ ಬೆಲೆ ಕೇಳುತ್ತಾರೆ. ಒಂದು ಟಿಬಿಗೆ ಐದಾರು ಸಾವಿರವಾದೀತು. ಗೂಗಲ್ 15 ಜಿಬಿಯನ್ನು ಪುಕ್ಕಟೆ ಕೊಡುತ್ತದೆ. ಅದು ದೊಡ್ಡ ಮಾತಲ್ಲ. ನನಗೆ ದುಬಾರಿಯಾದದ್ದು ಪರಿವರ್ತನೆ. ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಈಗ ಇವೆ. ಆದರೂ ಅರ್ಕಾವತ್ತು ಅಕ್ಷರ ದಾಟಿ ಕೂತಿತು, ಒತ್ತುಗಳು ಹಾರಿಹೋದವು. 160 ಪುಟ ಮತ್ತೆ ಕರಡು ತಿದ್ದಲು ಒಂದೂವರೆ ತಿಂಗಳು ಹಿಡಿಯಿತು. ತಿದ್ದುವಾಗ ಎದುರಿಗೆ ಇಟ್ಟುಕೊಂಡದ್ದು ಅಚ್ಚಾದ ಸಂಚಿಕೆಯನ್ನೇ. ಅದರ ನಲವತ್ತನೇ ಪುಟವನ್ನು ಗೆದ್ದಲು ಅರ್ಧ ತಿಂದಿತ್ತು.