ಆಸನಕ್ಕೆ ಮೊದಲು ವ್ರತ

12ನೆಯ ಶತಮಾನದಲ್ಲಿ ಗುಜರಾತಿನ ದೊರೆ ಕುಮಾರಪಾಲನ ಕೋರಿಕೆಯಂತೆ ಆಚಾರ್ಯ ಹೇಮಚಂದ್ರರು ರಚಿಸಿದ ‘ಯೋಗಶಾಸ್ತ್ರ’ದಲ್ಲಿ 12 ಪ್ರಕಾಶಗಳಿವೆ. ಆಸನಗಳ ವಿವರ ಬರುವುದು ನಾಲ್ಕನೆಯದರ ಕೊನೆಯಲ್ಲಿ. ಅದಕ್ಕೂ ಮುನ್ನ ಗೃಹಸ್ಥನ ವ್ರತಗಳಿವೆ. ಅಸ್ತೇಯದ ಅತಿಚಾರಗಳಲ್ಲಿ ಕಳ್ಳತೂಕ, ಕಲಬೆರಕೆಗಳೂ ಸೇರಿವೆ. ಗ್ರಂಥದ ಹಿರಿಮೆ ಈ ಕ್ರಮದಲ್ಲಿಯೇ ಇದೆ.

ಕೊರತೆಯೂ ಇಲ್ಲದಿಲ್ಲ. ಐದನೆಯ ಪ್ರಕಾಶವು ಪ್ರಾಣಾಯಾಮವನ್ನೂ ಮರಣಸೂಚನೆಗಳನ್ನೂ ಅತಿಯಾಗಿ ವಿಸ್ತರಿಸುತ್ತದೆ. ಆರನೆಯದರಲ್ಲಿ, ಪ್ರಾಣಾಯಾಮದಿಂದ ಬಳಲಿದ ಮನಸ್ಸಿಗೆ ಸ್ವಾಸ್ಥ್ಯ ದೊರೆಯದೆಂದು ಆಚಾರ್ಯರೇ ತೀರ್ಮಾನಿಸುತ್ತಾರೆ. ಆ ಮಾತು ಮೊದಲೇ ಬಂದಿದ್ದರೆ ಸಾಧಕನಿಗೆ ಉಪಕಾರವಾಗುತ್ತಿತ್ತು.

ಆದ್ದರಿಂದ ಈ ಗ್ರಂಥವನ್ನು ಓದಿದರಷ್ಟೇ ಸಾಲದು. ‘ತತ್ತ್ವಾರ್ಥಸೂತ್ರ’ವು ಸ್ವಾಧ್ಯಾಯದಲ್ಲಿ ವಾಚನೆಯೊಡನೆ ಪೃಚ್ಛನೆ, ಅನುಪ್ರೇಕ್ಷೆಗಳನ್ನೂ ಸೇರಿಸಿದೆ: ಪ್ರಶ್ನಿಸಬೇಕು, ಮನನ ಮಾಡಬೇಕು. ಬೆಳಗಿನ ಪದ್ಮಾಸನಕ್ಕೆ ನಿಜವಾದ ಪರೀಕ್ಷೆ ಮಧ್ಯಾಹ್ನ, ಅಂಗಡಿಯ ತಕ್ಕಡಿಯ ಮುಂದೆ.