ತೊಟ್ಟಿಲ ಸುತ್ತಲಿನ ಮಾತು: ಶಿಶುಪಾಲನೆಯ ಸಂಶೋಧನೆಯೂ ಗಡಿನಾಡಿನ ಮನೆಯೂ

ಭಾರತದ ಜನಗಣತಿಯು ‘ಮಾತೃಭಾಷೆ’ಗೆ ಕೊಟ್ಟಿರುವ ವಿವರಣೆ ಸರಳವಾದುದು: ವ್ಯಕ್ತಿಯ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. ತಾಯಿ ಶೈಶವದಲ್ಲಿಯೇ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯೊಳಗೆ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆಯನ್ನು ಬರೆದುಕೊಳ್ಳಬೇಕು. ಅಂದರೆ ಅಜ್ಜಿ, ದೊಡ್ಡಮ್ಮ, ಸೋದರತ್ತೆ, ಅಕ್ಕ ಇವರ ಮಾತು ಲೆಕ್ಕಕ್ಕೆ ಬರಬೇಕಾದರೆ ತಾಯಿ ಇಲ್ಲವಾಗಬೇಕು. ಗಡಿಯಾಚೆಯ ಕನ್ನಡಿಗರ ಸಂಖ್ಯೆಯನ್ನು ಕುರಿತ ವಾದಗಳು, ಅಲ್ಪಸಂಖ್ಯಾತ ಭಾಷೆಯ ಹಕ್ಕಿನ ಬೇಡಿಕೆಗಳು ಬಹುಮಟ್ಟಿಗೆ ಈ ಒಂದು ಅಂಕಣವನ್ನೇ ನೆಚ್ಚಿಕೊಂಡಿವೆ. ಆ ಅಂಕಣದೊಳಗಿನ ಮನೆ ಎಂಥದು ಎಂಬ ಪ್ರಶ್ನೆಯನ್ನು ಭಾಷಾವಿದ್ವಾಂಸರು ಹೆಚ್ಚಾಗಿ ಎತ್ತಿದವರಲ್ಲ.

ಇದನ್ನು ಗಣತಿಯ ಕಚೇರಿಯ ಅವಸರವೆಂದು ತಳ್ಳಿಹಾಕುವಂತಿಲ್ಲ. ಇಪ್ಪತ್ತನೆಯ ಶತಮಾನದ ಶಿಶುವಿಕಾಸಶಾಸ್ತ್ರವೇ ತಾಯಿ–ಮಗು ಎಂಬ ಜೋಡಿಯನ್ನು ತನ್ನ ಅಳತೆಗೋಲಾಗಿ ಆರಿಸಿಕೊಂಡಿತು. 1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವರದಿಯ ಕೇಂದ್ರದಲ್ಲಿ ತಾಯಿ, ಇಲ್ಲವೇ ತಾಯಿಯ ಸ್ಥಾನದಲ್ಲಿ ಖಾಯಮ್ಮಾಗಿ ನಿಲ್ಲುವ ಒಬ್ಬರು ಇದ್ದರು. ‘ಒಬ್ಬರು’ ಎಂಬ ಏಕವಚನ ಅಲ್ಲಿಂದ ಮುಂದೆ ಗಟ್ಟಿಯಾಯಿತು. ಮೇರಿ ಐನ್ಸ್‌ವರ್ತ್ ಉಗಾಂಡದ ಹಳ್ಳಿಗಳಲ್ಲಿ ಅನೇಕರ ಕೈಯಲ್ಲಿ ಬೆಳೆಯುವ ಮಕ್ಕಳನ್ನು ಕಣ್ಣಾರೆ ಕಂಡವರು. ಆದರೂ ಬಾಲ್ಟಿಮೋರ್‌ನಲ್ಲಿ ಅವರು ರೂಪಿಸಿದ ಪ್ರಸಿದ್ಧ ಪ್ರಯೋಗದ ಕೋಣೆಯಲ್ಲಿ ಮಗುವಿನ ಜೊತೆಗಿದ್ದವರು ಇಬ್ಬರೇ: ತಾಯಿ ಮತ್ತು ಅಪರಿಚಿತೆ. ತಾಯಿಯೂ ಅಲ್ಲದ, ಅಪರಿಚಿತೆಯೂ ಅಲ್ಲದ ಹೆಂಗಸಿಗೆ ಆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ.

ಮಾತಿನ ಎಣಿಕೆಗೆ ಬಂದರೆ, ಅತ್ಯಂತ ಪ್ರಭಾವ ಬೀರಿದ ಕೃತಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೆ 1995ರಲ್ಲಿ ಪ್ರಕಟಿಸಿದ ‘ಮೀನಿಂಗ್‌ಫುಲ್ ಡಿಫರೆನ್ಸಸ್’. ಅಮೆರಿಕದ ಕಾನ್ಸಾಸ್ ಸಿಟಿಯ 42 ಕುಟುಂಬಗಳಲ್ಲಿ, ಮಗುವಿಗೆ 7ರಿಂದ 9 ತಿಂಗಳಾದಾಗ ತೊಡಗಿ ಮೂರು ವರ್ಷ ತುಂಬುವವರೆಗೆ, ತಿಂಗಳಿಗೊಂದು ಗಂಟೆಯ ಧ್ವನಿಮುದ್ರಣ ನಡೆಯಿತು. ಮಗುವಿನ ಕಿವಿಗೆಂದು ಗಂಟೆಯೊಂದಕ್ಕೆ ಆಡಿದ ಪದಗಳು ವೃತ್ತಿಪರರ ಮನೆಗಳಲ್ಲಿ ಸರಾಸರಿ 2,153, ದುಡಿಮೆಗಾರರ ಮನೆಗಳಲ್ಲಿ 1,251, ಸರ್ಕಾರದ ನೆರವಿನಲ್ಲಿ ಬದುಕುತ್ತಿದ್ದ ಮನೆಗಳಲ್ಲಿ 616. ಇದನ್ನು ಗುಣಿಸುತ್ತ ಹೋಗಿ, ನಾಲ್ಕನೆಯ ವರ್ಷದ ಹೊತ್ತಿಗೆ ಬಡ ಮಗುವಿಗೂ ಉಳ್ಳವರ ಮಗುವಿಗೂ ಮೂರು ಕೋಟಿ ಪದಗಳ ಅಂತರವೆಂದು ಲೇಖಕರು ಲೆಕ್ಕ ಹಾಕಿದರು. ಎರಡೂವರೆ ವರ್ಷಗಳ ಆ ತಾಳ್ಮೆಯ ಕೆಲಸವನ್ನು ಹಗುರಾಗಿ ಕಾಣಬಾರದು. ಆದರೆ ಮೂರನೆಯ ವರ್ಗದಲ್ಲಿದ್ದುದು ಆರೇ ಕುಟುಂಬಗಳು, ಆರೂ ಕಪ್ಪು ಜನರವು. ಅಪರಿಚಿತರೊಬ್ಬರು ಯಂತ್ರ ಹಿಡಿದು ಕುಳಿತಿರುವಾಗ ಯಾವ ಮನೆಯವರು ಹೆಚ್ಚು ಮಾತನಾಡುತ್ತಾರೆ, ಯಾವ ಮನೆಯವರು ಬಾಯಿ ಬಿಗಿಹಿಡಿಯುತ್ತಾರೆ ಎಂಬುದನ್ನು ಊಹಿಸಲು ಮಹಾಪಾಂಡಿತ್ಯವೇನೂ ಬೇಡ.

2019ರಲ್ಲಿ ಡಗ್ಲಸ್ ಸ್ಪೆರಿ, ಲಿಂಡಾ ಸ್ಪೆರಿ ಮತ್ತು ಪೆಗ್ಗಿ ಮಿಲ್ಲರ್ ‘ಚೈಲ್ಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪ ಇನ್ನೂ ಆಳವಾದುದು. ಅಮೆರಿಕದ ಐದು ಸಮುದಾಯಗಳ ದಾಖಲೆಗಳನ್ನು ಅವರು ಮೂರು ಬಗೆಯಲ್ಲಿ ಎಣಿಸಿದರು: ಮುಖ್ಯ ಪಾಲಕರೊಬ್ಬರು ಮಗುವಿನೊಡನೆ ಆಡಿದ್ದು, ಪಾಲನೆಯಲ್ಲಿ ಪಾಲುಗೊಂಡ ಎಲ್ಲರೂ ಮಗುವಿನೊಡನೆ ಆಡಿದ್ದು, ಮಗುವಿನ ಸುತ್ತ ಕೇಳಿಬಂದ ಒಟ್ಟು ಮಾತು. ಎಣಿಕೆ ಅಗಲವಾದಂತೆ ಬಡತನಕ್ಕೂ ಪದಗಳ ಸಂಖ್ಯೆಗೂ ಇದೆಯೆಂದು ನಂಬಿದ್ದ ನೇರ ನಂಟು ಸಡಿಲಗೊಂಡಿತು. ರಾಬರ್ಟಾ ಗೋಲಿಂಕಾಫ್ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ ಖಾರವಾಗಿಯೇ ಉತ್ತರಿಸಿದರು. ಸುತ್ತಲಿನ ಗದ್ದಲವನ್ನು ಮಗುವಿಗಾಗಿ ಆಡಿದ ಮಾತಿನೊಡನೆ ಕೂಡಿಸಬಾರದು, ಅಂತರವಿಲ್ಲವೆಂದು ಸಾರಿದರೆ ಬಡ ಮಕ್ಕಳಿಗೇ ನಷ್ಟ ಎಂಬುದು ಅವರ ನಿಲುವು.

ಈ ವಿವಾದದಲ್ಲಿ ಗಡಿನಾಡಿನ ವಿದ್ವಾಂಸರು ಸುಲಭವಾಗಿ ಸ್ಪೆರಿ ದಂಪತಿಗಳ ಕಡೆಗೆ ವಾಲಬಹುದು. ಅವಿಭಕ್ತ ಕುಟುಂಬ, ಅಜ್ಜಿಯ ಮಡಿಲು, ಜಗಲಿಯ ಕತೆ ಎಂದು ಬರೆಯತೊಡಗಿದರೆ ಪುಟಗಳು ತಾವಾಗಿ ತುಂಬುತ್ತವೆ. ಅಲ್ಲಿ ಎಚ್ಚರ ಬೇಕು. ಲಾರಾ ಷ್ನೈಡ್‌ಮನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 2012ರಲ್ಲಿ ಮೆಕ್ಸಿಕೋದ ಯುಕಟೆಕ್ ಮಾಯಾ ಹಳ್ಳಿಯೊಂದರ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಮಗುವಿನ ಸುತ್ತ ಮಾತಿಗೆ ಬರವಿರಲಿಲ್ಲ. ಆದರೆ ಮುಂದೆ ಮಗುವಿನ ಪದಸಂಪತ್ತು ಎಷ್ಟಾಗುವುದೆಂದು ಸೂಚಿಸಿದ್ದು ಆ ಒಟ್ಟು ಮಾತಲ್ಲ. ವಯಸ್ಕರು ಮಗುವನ್ನೇ ಉದ್ದೇಶಿಸಿ ಆಡಿದ ಪದಗಳ ವೈವಿಧ್ಯ. ಕಿವಿಗೆ ಬಿದ್ದ ಮಾತು ಬೇರೆ, ಮುಖ ನೋಡಿ ಆಡಿದ ಮಾತು ಬೇರೆ.

ತಾಳವಾಡಿಯಲ್ಲೋ ಮಡಕಶಿರದಲ್ಲೋ ಈ ಭೇದ ಬರಿಯ ಸಿದ್ಧಾಂತವಲ್ಲ. ಹಿರಿಯರು ತಮ್ಮ ತಮ್ಮಲ್ಲಿ ಕನ್ನಡ ಆಡುತ್ತಾರೆ. ಮಗುವಿನತ್ತ ತಿರುಗಿದೊಡನೆ ಶಾಲೆಯ ಭಾಷೆಗೆ ಹೊರಳುತ್ತಾರೆ. ಇಂಥ ಮನೆಯಲ್ಲಿ ಒಟ್ಟು ಕನ್ನಡವನ್ನು ಅಳೆದರೆ ಫಲಿತಾಂಶ ಸಮಾಧಾನಕರವಾಗಿಯೇ ಬರುತ್ತದೆ. ಗಣತಿಯಲ್ಲಿಯೂ ಅದು ಕನ್ನಡದ ಮನೆ. ಆದರೆ ಆ ಮಗು ಕನ್ನಡವನ್ನು ಅರ್ಥಮಾಡಿಕೊಂಡು ಬೇರೊಂದು ಭಾಷೆಯಲ್ಲಿ ಉತ್ತರ ಕೊಡುವ ಮಗುವಾಗಿ ಬೆಳೆಯುತ್ತದೆ. ಅನಿಕ್ ಡೆ ಹೌವರ್ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಸುಮಾರು 1,900 ದ್ವಿಭಾಷಿಕ ಕುಟುಂಬಗಳನ್ನು ಸಮೀಕ್ಷಿಸಿ 2007ರಲ್ಲಿ ತೋರಿಸಿದ್ದು ಇದನ್ನೇ. ಬಹುಸಂಖ್ಯಾತರ ಭಾಷೆಯನ್ನು ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಆಡುತ್ತಿದ್ದರು. ಮನೆಯ ಇನ್ನೊಂದು ಭಾಷೆಯನ್ನು ಸುಮಾರು ಕಾಲುಭಾಗದಷ್ಟು ಕುಟುಂಬಗಳ ಮಕ್ಕಳು ಆಡುತ್ತಿರಲಿಲ್ಲ. ಈ ಉತ್ತಮ ಅಧ್ಯಯನದ ವಿಶ್ಲೇಷಣೆಯೂ ನಿಂತಿರುವುದು ತಂದೆ ತಾಯಿ ಎಂಬ ಇಬ್ಬರ ಮಾತಿನ ಮೇಲೆ. ಮನೆಯಲ್ಲಿ ಮೂರನೆಯವರಿದ್ದರೆ ಲೆಕ್ಕ ಹೇಗೆ ಬದಲಾಗುತ್ತಿತ್ತು ಎಂಬುದು ಅದರ ಚೌಕಟ್ಟಿನಲ್ಲಿಲ್ಲ.

ಆ ಮೂರನೆಯವರು ಕನ್ನಡ ನಾಡಿನ ಪದ್ಧತಿಯಲ್ಲಿ ಮೊದಲ ದಿನದಿಂದಲೇ ಇದ್ದಾರೆ. ಚೊಚ್ಚಲ ಬಾಣಂತನ ತವರಿನಲ್ಲಿ. ಎಣ್ಣೆ ಹಚ್ಚಿ ನೀರೆರೆಯುವ ಕೈ, ಲೋಬಾನದ ಹೊಗೆ ಹಾಕುವ ಕೈ, ತೊಟ್ಟಿಲು ತೂಗುವ ಕೈ ಬಹುಪಾಲು ತಾಯಿಯ ತಾಯಿಯದು. ಮೂರೋ ಐದೋ ತಿಂಗಳಾದ ಮೇಲೆ ಮಗು ತಂದೆಯ ಮನೆಗೆ ಬರುತ್ತದೆ. ಗಡಿಯ ಊರುಗಳಲ್ಲಿ ಕೊಟ್ಟು ತಂದ ಸಂಬಂಧಗಳು ರಾಜ್ಯದ ಗೆರೆಯನ್ನು ದಾಟಿಯೇ ನಡೆದುಕೊಂಡು ಬಂದಿರುವುದರಿಂದ ಈ ಪಯಣ ಎಷ್ಟೋ ಸಲ ಒಂದು ನುಡಿಯ ಮನೆಯಿಂದ ಇನ್ನೊಂದು ನುಡಿಯ ಮನೆಗೆ ಆಗುತ್ತದೆ. ಏಳನೆಯ ತಿಂಗಳಲ್ಲಿ ಬಾಗಿಲು ತಟ್ಟುವ ಹಾರ್ಟ್–ರಿಸ್ಲೆ ಮಾದರಿಯ ಸಂಶೋಧಕರಿಗೆ ಆ ಮೊದಲ ಮನೆ ಕಾಣುವುದೇ ಇಲ್ಲ. ಆ ತಿಂಗಳುಗಳಾದರೋ ಖಾಲಿಯಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ಟ–ತ ಭೇದವನ್ನೇ ಬಳಸಿ ತೋರಿಸಿದಂತೆ, ಇಂಗ್ಲಿಷ್ ಮನೆಯ ಶಿಶುಗಳು ಕೂಡ ಆರೆಂಟು ತಿಂಗಳಲ್ಲಿ ಆ ಭೇದವನ್ನು ಗುರುತಿಸುತ್ತವೆ. ವರ್ಷ ತುಂಬುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವಕ್ಕೆ ಅದು ಕೇಳಿಸದು.

ಭಾರತದ ಮನೆಯನ್ನೇ ಒಳಹೊಕ್ಕು ನೋಡಿದ ಅಧ್ಯಯನಗಳು ಇಲ್ಲವೆಂದಲ್ಲ. ಸೂಸನ್ ಸೀಮರ್ 1960ರ ದಶಕದಲ್ಲಿ ಭುವನೇಶ್ವರದಲ್ಲಿ ಆರಂಭಿಸಿ, ಅದೇ ಕುಟುಂಬಗಳಿಗೆ ಮೂರು ದಶಕಗಳ ಕಾಲ ಮರಳಿ ಮರಳಿ ಹೋಗಿ, 1999ರಲ್ಲಿ ಪ್ರಕಟಿಸಿದ ಗ್ರಂಥ ಈ ಸಾಲಿನಲ್ಲಿ ಮುಖ್ಯವಾದುದು. ಹಳೆಯ ಪಟ್ಟಣದ ಕೂಡುಕುಟುಂಬಗಳಲ್ಲಿ ಪಾಲನೆ ಹಲವು ಹೆಂಗಸರಲ್ಲಿ ಹಂಚಿಹೋಗಿತ್ತು. ಹೊಸ ರಾಜಧಾನಿಯ ನೌಕರವರ್ಗದ ಮನೆಗಳಲ್ಲಿ ತಾಯಿಯೇ ಮುಂದೆ ನಿಂತು ಮಗುವಿನ ಶಾಲೆಯ ಬೆನ್ನು ಹತ್ತಿದ್ದಳು. ಒಬ್ಬಳಿಗೇ ಅಂಟಿಕೊಳ್ಳದ ಮಗು ಕೊರತೆಯ ಮಗುವಲ್ಲ, ಪರಸ್ಪರಾವಲಂಬನೆಯನ್ನು ಕಲಿಯುತ್ತಿರುವ ಮಗು ಎಂಬ ಸೀಮರ್ ಅವರ ಓದು ಬೌಲ್ಬಿಯ ಏಕವಚನಕ್ಕೆ ತಕ್ಕ ಉತ್ತರ. ಹಾಗಿದ್ದೂ ಯಾರು ಎತ್ತಿಕೊಂಡರು, ಯಾರು ಉಣಿಸಿದರು ಎಂಬ ಅವರ ಆಸಕ್ತಿಯ ಪಕ್ಕದಲ್ಲಿ, ಯಾರು ಯಾವ ನುಡಿಯಲ್ಲಿ ಉಣಿಸಿದರು ಎಂಬ ಪ್ರಶ್ನೆ ಬೆಳೆಯಲಿಲ್ಲ. ಗಡಿನಾಡಿನ ಅಧ್ಯಯನಕ್ಕೆ ಸೀಮರ್ ವಿಧಾನ ಬೇಕು, ಜೊತೆಗೆ ಈ ಪ್ರಶ್ನೆಯೂ ಬೇಕು. ಅವರ ಗ್ರಂಥದಿಂದ ಕಲಿಯಬೇಕಾದ ಇನ್ನೊಂದು ಮಾತಿದೆ: ಹಂಚಿದ ಪಾಲನೆ ಎಂದರೆ ಹಂಚಿದ ದುಡಿಮೆ, ಅದೂ ಕೂಲಿಯಿಲ್ಲದ್ದು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಶಾಲೆ ತಪ್ಪಿಸಿಕೊಂಡ ಅಕ್ಕನನ್ನು ಭಾಷೆಯ ಕಾವಲುಗಾರ್ತಿ ಎಂದು ಹೊಗಳುವ ಲೇಖನಕ್ಕೆ ಅವಳ ಒಪ್ಪಿಗೆ ಸಿಕ್ಕಲಾರದು.

ಕಾಸರಗೋಡಿನಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕನ್ನಡ ಮಾಧ್ಯಮದ ತರಗತಿಯಲ್ಲಿ ಕೂತ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ ಇಲ್ಲವೇ ಹವ್ಯಕ ಕನ್ನಡ. ಇಲ್ಲಿ ಶಿಷ್ಟ ಕನ್ನಡ ಬಂದದ್ದು ತಾಯಿಯ ಬಾಯಿಂದಲ್ಲ. ಶಾಲೆಯಿಂದ, ಯಕ್ಷಗಾನದ ಚೌಕಿಯಿಂದ, ಮನೆಯ ಹಿರಿಯರೊಬ್ಬರು ಸಂಜೆ ಗಟ್ಟಿಯಾಗಿ ಓದುತ್ತಿದ್ದ ಪುರಾಣದಿಂದ. ಅದನ್ನು ಮಗುವಿಗೆ ದಾಟಿಸಿದವರೂ ಪಾಲಕರೇ. ಆದರೆ ‘ಮಾತೃಭಾಷೆ’ ಎಂಬ ಅಂಕಣಕ್ಕೂ ‘ಮುಖ್ಯ ಪಾಲಕರು’ ಎಂಬ ಅಂಕಣಕ್ಕೂ ಅವರು ಹೊರಗು.

ಆದ್ದರಿಂದ ಗಡಿನಾಡಿನ ಯಾವುದೇ ಸಮೀಕ್ಷೆಯ ಮೊದಲ ಪುಟದಲ್ಲಿ ಇರಬೇಕಾದದ್ದು ತಾಯಿಯ ಹೆಸರೊಂದೇ ಅಲ್ಲ, ದಿನದ ವೇಳಾಪಟ್ಟಿ: ಬೆಳಗಿನಿಂದ ರಾತ್ರಿಯವರೆಗೆ ಮಗು ಯಾರ ಕೈಯಲ್ಲಿತ್ತು, ಅವರು ಮಗುವಿನ ಮುಖ ನೋಡಿ ಯಾವ ನುಡಿ ಆಡಿದರು, ತಮ್ಮೊಳಗೆ ಯಾವ ನುಡಿ ಆಡಿಕೊಂಡರು. ಇದು ದುಬಾರಿಯ ಕೆಲಸವಲ್ಲ, ಆದರೆ ನಿಧಾನದ ಕೆಲಸ. ಪ್ರಶ್ನಾವಳಿಯ ಪದಗಳಲ್ಲಿಯೂ ಎಚ್ಚರ ಬೇಕು. ವಿಜಯಪುರದ ಸೀಮೆಯ ಕನ್ನಡದಲ್ಲಿ ‘ಆಯಿ’ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಅಕ್ಕಲಕೋಟೆಯ ಮನೆಯೊಂದರ ಕಟ್ಟೆಯ ಮೇಲೆ ಕುಳಿತು ‘ಆಯಿ ಯಾವ ಭಾಷೆ ಮಾತಾಡತಾಳ?’ ಎಂದು ಕೇಳುವ ಸಂಶೋಧಕರಿಗೆ ಎರಡು ಬೇರೆ ಉತ್ತರಗಳು ಸಿಗಬಹುದು, ಎರಡೂ ನಿಜವಾಗಿರಬಹುದು.