ಮೂವತ್ತನಾಲ್ಕು ಗ್ರಾಂ ಅಮೋನಿಯಾ

28 ಗ್ರಾಂ ಸಾರಜನಕ, 10 ಗ್ರಾಂ ಜಲಜನಕ. ಕ್ರಿಯೆ ಪೂರ್ತಿ ನಡೆದರೆ ಎಷ್ಟು ಅಮೋನಿಯಾ ಸಿಗುತ್ತದೆ? ಮೊದಲ ಪಿಯುಸಿ ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕವನ್ನು ನಾನು ಕಂಡಿಲ್ಲ. ಅಂಕಿಗಳೆಲ್ಲ ಬಾಯಿಲೆಕ್ಕಕ್ಕೆ ಬಗ್ಗುತ್ತವೆ. ಎಡವಿದರೆ ಎಡವುವುದು ರಸಾಯನಶಾಸ್ತ್ರದಲ್ಲೇ, ಗುಣಾಕಾರದಲ್ಲಲ್ಲ. ದಶಮಾಂಶಗಳನ್ನು ಸುರಿದು ಪ್ರಶ್ನೆಪತ್ರಿಕೆಯನ್ನು ಕಷ್ಟ ಮಾಡುವವರ ಮೇಲೆ ನನಗೆ ಗೌರವ ಕಡಿಮೆಯೇ.

ಅವಸರದ ಹುಡುಗ ಎರಡನ್ನೂ ಕೂಡಿಸಿ 38 ಎನ್ನುತ್ತಾನೆ. ಸ್ವಲ್ಪ ಓದಿಕೊಂಡವಳು, ‘ಜಲಜನಕ ಕಡಿಮೆ ಇದೆಯಲ್ಲ ಸಾರ್, ಅದೇ ಮೊದಲು ಖಾಲಿಯಾಗುತ್ತೆ’ ಎನ್ನುತ್ತಾಳೆ. ಈ ಎರಡನೆಯ ತಪ್ಪು ಸೊಗಸಾದದ್ದು, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ತಕ್ಕಡಿ ಹೇಳುವುದು ತೂಕ. ಅಣುಗಳು ಕೂಡುವುದು ತಲೆಯೆಣಿಕೆಯ ಮೇಲೆ. ಸಾರಜನಕದ ಒಂದು ಮೋಲ್ 28 ಗ್ರಾಂ ತೂಗಿದರೆ ಜಲಜನಕದ್ದು ಬರೀ 2 ಗ್ರಾಂ. ಹಾಗಾಗಿ ಆ 10 ಗ್ರಾಮಿನಲ್ಲಿ 5 ಮೋಲ್ ಜಲಜನಕವಿದೆ, ಭಾರವಾಗಿ ಕೂತ ಸಾರಜನಕ ಇರುವುದು ಒಂದೇ ಮೋಲ್. ಅದಕ್ಕೆ 3 ಮೋಲ್ ಜಲಜನಕ ಸಾಕು. ಮೊದಲು ಮುಗಿಯುವುದು ಸಾರಜನಕ! ಹುಟ್ಟುವ ಅಮೋನಿಯಾ 2 ಮೋಲ್, ಅಂದರೆ 34 ಗ್ರಾಂ. ಮಿಕ್ಕ ಜಲಜನಕ 4 ಗ್ರಾಂ. ಕೂಡಿಸಿ ತಾಳೆ ನೋಡಿದರೆ ಮತ್ತೆ 38; ಅವಸರದ ಹುಡುಗನ ಅಂಕಿಯೂ ಕೆಲಸಕ್ಕೆ ಬಂತು.

ಇಲ್ಲಿ ತಡವರಿಸುವ ಮಕ್ಕಳನ್ನು ಗದರುವ ಮೇಷ್ಟ್ರುಗಳು ಡಾಲ್ಟನ್‌ನನ್ನು ನೆನೆಯಲಿ. ನೀರಿನ ಕಣದಲ್ಲಿ ಜಲಜನಕದ ಪರಮಾಣು ಒಂದೇ ಎಂದು ಆ ಮಹಾನುಭಾವ ನಂಬಿದ್ದ. ಅವೊಗಾಡ್ರೊ 1811ರಲ್ಲೇ ದಾರಿ ತೋರಿಸಿದರೂ, 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕನ್ನಿಝಾರೊ ಪಟ್ಟುಹಿಡಿದು ವಾದಿಸುವ ತನಕ ಹೆಚ್ಚಿನವರು ಕಿವಿಗೊಡಲಿಲ್ಲ. ಅರ್ಧ ಶತಮಾನ ಹಿಡಿದದ್ದನ್ನು ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಕೇಳುತ್ತಿದ್ದೇವೆ.

ಸಮೀಕರಣ ಸರಿದೂಗಿಸುವಾಗಲೂ ಒಂದು ರುಚಿಯಾದ ಎಡವಟ್ಟಿದೆ. ಅಣುಗಳ ಮುಂದಿನ ಅಂಕಿ ಬದಲಿಸಬೇಕಾದಲ್ಲಿ ಕೆಲವರು ಸೂತ್ರದೊಳಗಿನ ಪುಟ್ಟ ಅಂಕಿಗೇ ಕೈಹಾಕುತ್ತಾರೆ. ಎರಡು ಸಾರಜನಕ, ನಾಲ್ಕು ಜಲಜನಕ ಎಂದು ಬರೆದರೆ ಎಡ ಬಲ ಅಚ್ಚುಕಟ್ಟಾಗಿ ಸಮ. ಆದರೆ ಅದು ಅಮೋನಿಯಾ ಅಲ್ಲ, ಹೈಡ್ರಜೀನ್. ಉಪಗ್ರಹಗಳ ಥ್ರಸ್ಟರ್‌ಗೆ ತುಂಬುವ ವಿಷಕಾರಿ ಇಂಧನ. ಗೊಬ್ಬರ ಮಾಡಹೊರಟವನು ರಾಕೆಟ್ಟಿಗೆ ಹೊಂಚಿದ್ದಾನೆ ಎಂದರೆ ತರಗತಿ ನಗುತ್ತದೆ, ಆಮೇಲೆ ಆ ತಪ್ಪು ಮರುಕಳಿಸುವುದು ಅಪರೂಪ.

ಇಷ್ಟು ದಾಟಿದವರಿಗೆ ನನ್ನ ಮುಂದಿನ ಪ್ರಶ್ನೆ ‘ಕ್ರಿಯೆ ಪೂರ್ತಿ ನಡೆದರೆ’ ಎಂಬ ಮಾತಿನದ್ದೇ. ಅದು ಪೂರ್ತಿ ನಡೆಯುವುದಿಲ್ಲ. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಶುರುವಾದ ಹಾಬರ್-ಬಾಷ್ ವಿಧಾನದಲ್ಲಿ, ಅಷ್ಟೊಂದು ಒತ್ತಡ, ಶಾಖ, ಕಬ್ಬಿಣದ ವೇಗವರ್ಧಕ ಎಲ್ಲ ಇದ್ದೂ, ಒಂದು ಸುತ್ತಿಗೆ ಕೂಡುವುದು ಸುಮಾರು ಶೇ 15 ಮಾತ್ರ. ಉಳಿದ ಅನಿಲವನ್ನು ಮತ್ತೆ ಒಳಗೆ ತಿರುಗಿಸುತ್ತಾರೆ. ನಮ್ಮ ಸಾರಜನಕದಲ್ಲೂ ಶೇ 15 ಮಾತ್ರ ಕೂಡಿದರೆ ಅಮೋನಿಯಾ ಎಷ್ಟು? 5.1 ಗ್ರಾಂ. ಮಿಕ್ಕ ಸಾರಜನಕ, ಜಲಜನಕ ಎಷ್ಟೆಷ್ಟೆಂದು ನೀವೇ ಮಾಡಿ ನೋಡಿ, ಎಲ್ಲ ಕೂಡಿಸಿದರೆ 38ಕ್ಕೆ ತಾಳೆಯಾಗಬೇಕು.